ಮಾರಿಷಸಿನ ಮೋರ್ನ್ ಬೆಟ್ಟ

ಹಿಂದೂ ಮಹಾಸಾಗರದಲ್ಲಿ, ಆಫ್ರಿಕದ ಪೂರ್ವತೀರಕ್ಕೆ ಕಾವಲಿದ್ದಂತೆ ನೀಳವಾಗಿ ಬಿದ್ದುಕೊಂಡಿರುವ ಮಡಗಾಸ್ಕರ್ ದ್ವೀಪವನ್ನು ದಾಟಿ, ಇನ್ನೂ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರುಗಳಷ್ಟು ಪೂರ್ವಕ್ಕೆ ಬಂದರೆ ಮಾರಿಷಸ್ ಎಂಬ ಸಣ್ಣ ದ್ವೀಪವು ದೊರೆಯುವುದು. ವಿಸ್ತಾರದಲ್ಲಿ ಅದು ನಮ್ಮ ಕೊಡಗಿನ ಅರ್ಧಕ್ಕಿಂತಲೂ ಕಡಮೆ. ಸುತ್ತಲೂ ಹವಳದ ದಿಬ್ಬಗಳು ಬೇಲಿಯಂತೆ ನಿಂತು ಸಮುದ್ರದ ಅಬ್ಬರವನ್ನು ಹೊರಗೇ ತಡೆಯುವುದರಿಂದ, ದಡದ ಹತ್ತಿರದ ನೀರು ಕೊಳದ ನೀರಿನಂತೆ ತಿಳಿಯಾಗಿಯೂ ಶಾಂತವಾಗಿಯೂ ಇರುತ್ತದೆ. ಒಳನಾಡಿನಲ್ಲಿ ಎತ್ತ ನೋಡಿದರೂ ಕಬ್ಬಿನ ಗದ್ದೆ. ಗದ್ದೆಗಳ ಆಚೆ ವಿಚಿತ್ರಾಕಾರದ ಕಪ್ಪು ಬೆಟ್ಟಗಳು. ನಮ್ಮ ಬಂಧುಗಳೊಬ್ಬರು ಅಲ್ಲಿ ಉದ್ಯೋಗದಲ್ಲಿರುವ ಕಾರಣ, ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲೆ ನಮಗೂ ನಮ್ಮ ಮನೆಯವರಿಗೂ ಆ ದ್ವೀಪವನ್ನು ನೋಡುವ ಅವಕಾಶ ಒದಗಿತು. ಅಲ್ಲಿಗೆ ಹೋಗುವ ಯಾತ್ರಿಕರು ಸಾಮಾನ್ಯವಾಗಿ ಮರಳುದಂಡೆಗಳನ್ನೂ ಜಲಪಾತಗಳನ್ನೂ ಗಂಗಾ ತಲಾವ್ ಎಂಬ ತೀರ್ಥವನ್ನೂ ಕುರಿತು ಬರೆಯುವುದು ವಾಡಿಕೆ. ಅವೆಲ್ಲವೂ ನೋಡತಕ್ಕವೇ ಸರಿ. ಆದರೆ ವಾಚಕರ ಮುಂದೆ ನಾವಿಂದು ಇಡಬೇಕೆಂದಿರುವುದು ಒಂದು ಬೆಟ್ಟದ ಕಥೆಯನ್ನು.

ದ್ವೀಪದ ನೈಋತ್ಯ ಮೂಲೆಯಲ್ಲಿ ಒಂದು ಭೂಶಿರವು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಮೇಲೆ ಒಂಟಿಯಾಗಿ ಎದ್ದು ನಿಂತಿರುವುದೇ ಲೆ ಮೋರ್ನ್ ಬ್ರಬಾಂ ಎಂಬ ಬೆಟ್ಟ. ಅದರ ಎತ್ತರ 556 ಮೀಟರು. ನಮ್ಮ ಮಧುಗಿರಿಯನ್ನೋ ಸಾವನದುರ್ಗವನ್ನೋ ನೋಡಿದವರಿಗೆ ಅದರ ಆಕಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ; ಆದರೆ ಇದು ಬೆಂಕಿಯ ಬೆಟ್ಟದಿಂದ ಹುಟ್ಟಿದ ಕರಿಯ ಕಲ್ಲು, ಮತ್ತು ಇದರ ಬುಡವನ್ನು ಮೂರು ಕಡೆಗಳಲ್ಲಿ ಸಮುದ್ರವು ಸುತ್ತುವರಿದಿದೆ. ಬದಿಗಳು ಗೋಡೆಯಂತೆ ಕಡಿದಾಗಿವೆ. ‘ಮೋರ್ನ್’ ಎಂದರೆ ಆ ಕಡೆಯ ಫ್ರೆಂಚ್ ವಸಾಹತುಗಳ ಮಾತಿನಲ್ಲಿ ಗುಡ್ಡವೆಂದು ಅರ್ಥ. ಅದೇ ಶಬ್ದಕ್ಕೆ ಫ್ರೆಂಚ್ ಭಾಷೆಯಲ್ಲಿ ವಿಷಣ್ಣವಾದದ್ದು, ಮ್ಲಾನವಾದದ್ದು ಎಂಬ ಅರ್ಥವೂ ಉಂಟು. ಬೆಟ್ಟದ ಕಥೆಯನ್ನು ಕೇಳಿದವರಿಗೆ ಈ ಎರಡನೆಯ ಅರ್ಥವೇ ಹೆಚ್ಚು ಒಪ್ಪುವಂತೆ ತೋರುವುದು. ನಾವು ಅಲ್ಲಿಗೆ ತಲಪಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ತುದಿಯವರೆಗೆ ಹತ್ತುವುದು ಯುವಕರ ಕೆಲಸ. ಮಾರ್ಗದರ್ಶಕನ ಹಿಂದೆ ಅರ್ಧ ದಾರಿಯವರೆಗೆ ಏರಿ, ಹವಳದ ದಿಬ್ಬಕ್ಕೆ ಬಡಿದು ಒಡೆಯುವ ಬಿಳಿಯ ಅಲೆಗಳ ಸಾಲನ್ನು ನೋಡುತ್ತ ನಾವು ನಿಂತೆವು. ಬೆಟ್ಟದ ಮೈಯಲ್ಲಿ ಅಲ್ಲಲ್ಲಿ ಗವಿಗಳಿವೆ. ಇನ್ನೂರು ವರ್ಷಗಳ ಹಿಂದೆ ಆ ಗವಿಗಳಲ್ಲಿ ಮನುಷ್ಯರು ಅಡಗಿ ಬಾಳಿದ್ದರು. ಅವರು ಕಳ್ಳರಲ್ಲ, ಕೊಲೆಗಾರರಲ್ಲ. ಒಡೆಯರ ತೋಟಗಳಿಂದ ಓಡಿಬಂದ ಗುಲಾಮರು.

ಮಾರಿಷಸ್ ದ್ವೀಪಕ್ಕೆ ಮೂಲನಿವಾಸಿಗಳೆಂಬವರಿಲ್ಲ ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. 1638ರಲ್ಲಿ ಡಚ್ಚರು ಬಂದು ನೆಲಸುವವರೆಗೆ ಅದು ಹಾರಲಾರದ ಡೋಡೋ ಹಕ್ಕಿಗಳೂ ಕರಿಮರದ ಕಾಡುಗಳೂ ಇದ್ದ ನಿರ್ಜನ ಪ್ರದೇಶ. ಅಲ್ಲಿ ಈಗ ಇರುವವರೆಲ್ಲರೂ ಸಮುದ್ರದ ಮೇಲಿನಿಂದ ಬಂದವರ ಸಂತತಿ. ಭೇದವಿರುವುದು ಇಷ್ಟೇ: ಕೆಲವರು ತಾವಾಗಿ ಬಂದರು, ಕೆಲವರು ಸಂಕೋಲೆಯಲ್ಲಿ ಬಂದರು. ಡಚ್ಚರು ಬಂದ ಕೆಲವೇ ವರ್ಷಗಳಲ್ಲಿ ಮಡಗಾಸ್ಕರಿನಿಂದ ಗುಲಾಮರನ್ನು ತರಿಸಿದರು. ತಂದವರಲ್ಲಿ ಅನೇಕರು ಬಂದ ಕೆಲವು ವಾರಗಳಲ್ಲೇ ಕಾಡು ಸೇರಿದರು. ಎಂದರೆ ಆ ದ್ವೀಪದಲ್ಲಿ ಗುಲಾಮಗಿರಿಯ ಚರಿತ್ರೆ ಎಷ್ಟು ಹಳೆಯದೋ ಅದನ್ನು ಧಿಕ್ಕರಿಸಿದವರ ಚರಿತ್ರೆಯೂ ಅಷ್ಟೇ ಹಳೆಯದು. 1695ರ ಜೂನ್ ತಿಂಗಳಲ್ಲಿ ಕೆಲವರು ಗುಲಾಮರು ಸೇರಿ ಡಚ್ಚರ ಕೋಟೆಗೆ ಬೆಂಕಿಯಿಟ್ಟರು. ಹಿಡಿಯಲ್ಪಟ್ಟು ಶಿಕ್ಷೆಗೆ ಗುರಿಯಾದವರಲ್ಲಿ ಇಬ್ಬರು ಸ್ತ್ರೀಯರಿದ್ದರು. ಅವರಲ್ಲಿ ಒಬ್ಬಳ ಹೆಸರು ದಾಖಲೆಯಲ್ಲಿ ‘ಬಂಗಾಳದ ಆನ್ನಾ’ ಎಂದಿದೆ. ನಮ್ಮ ದೇಶದ ಯಾವ ಹಳ್ಳಿಯಲ್ಲಿ ಹುಟ್ಟಿದವಳೋ, ತಾಯಿತಂದೆಗಳು ಅವಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ, ಅದು ಕಾಗದದಲ್ಲಿ ಇಲ್ಲ. ಕೋಟೆ ಇದ್ದ ಸ್ಥಳದಲ್ಲಿ, ವ್ಯೂ ಗ್ರಾಂ ಪೋರ್ ಎಂಬ ಊರಿನ ಕಡಲಂಚಿನಲ್ಲಿ, ಹಳೆಯ ಗೋಡೆಗಳ ಅವಶೇಷಗಳಿವೆ. ಅಲ್ಲಿ ನಿಂತಾಗ ನಮ್ಮ ಮನೆಯವರು ಕೇಳಿದ ಪ್ರಶ್ನೆ ಒಂದೇ: “ಆ ಹುಡುಗಿಗೆ ಮನೆಯ ದಾರಿ ಯಾವ ದಿಕ್ಕಿನಲ್ಲಿದೆ ಎಂದಾದರೂ ಗೊತ್ತಿತ್ತೋ ಇಲ್ಲವೋ?” ನಮ್ಮಲ್ಲಿ ಉತ್ತರವಿರಲಿಲ್ಲ.

1710ರಲ್ಲಿ ಡಚ್ಚರು ದ್ವೀಪವನ್ನು ಬಿಟ್ಟುಹೋದರು. 1721ರಲ್ಲಿ ಫ್ರೆಂಚರು ಬಂದು ನೆಲೆಯೂರಿದರು. 1735ರಿಂದ ಅಧಿಕಾರ ನಡೆಸಿದ ಲಾ ಬೂರ್ದೊನೆ ಎಂಬ ಗವರ್ನರನು ಪೋರ್ಟ್ ಲೂಯಿ ಬಂದರನ್ನು ಕಟ್ಟಿಸಿ, ಕಬ್ಬಿನ ಬೆಳೆಯನ್ನು ಹಬ್ಬಿಸಿ, ದ್ವೀಪಕ್ಕೆ ಐಶ್ವರ್ಯವನ್ನು ತಂದನೆಂದು ಚರಿತ್ರಕಾರರು ಹೊಗಳುವರು. ಬಂದರಿನ ಎದುರಿಗೆ ಅವನ ಪ್ರತಿಮೆ ಇಂದಿಗೂ ನಿಂತಿದೆ. ಆ ಬಂದರನ್ನು ತೋಡಿದ, ರಸ್ತೆಗಳನ್ನು ಹಾಕಿದ, ಕಬ್ಬನ್ನು ಕಡಿದ ಕೈಗಳಿಗೆ ಬಹುಕಾಲ ಪ್ರತಿಮೆಯಿರಲಿಲ್ಲ. ಮಡಗಾಸ್ಕರಿನಿಂದ, ಮೊಜಾಂಬಿಕಿನ ತೀರದಿಂದ, ಪಶ್ಚಿಮ ಆಫ್ರಿಕದಿಂದ, ಭಾರತದಿಂದಲೂ ಹಡಗುಗಳು ಮನುಷ್ಯರನ್ನು ತುಂಬಿಕೊಂಡು ಬರುತ್ತಿದ್ದುವು. ಮೊಜಾಂಬಿಕಿನ ಕಡೆಯಿಂದ ಹೊರಟವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ದಾರಿಯಲ್ಲಿಯೇ ತೀರಿಕೊಳ್ಳುತ್ತಿದ್ದರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಮನುಷ್ಯನನ್ನು ಮನುಷ್ಯತ್ವದಿಂದ ಕೆಳಗಿಳಿಸುವ ಕಾರ್ಯ ಚಾವಟಿಯಿಂದ ಮಾತ್ರವೇ ಆಗುವುದಲ್ಲ; ಮೊದಲು ಅದು ಮಾತಿನಲ್ಲಿ ಆಗುವುದು. ಕ್ಯಾರಿಬಿಯನ್ ದ್ವೀಪಗಳಿಗಾಗಿ 1685ರಲ್ಲಿ ಫ್ರಾನ್ಸಿನ ದೊರೆಯು ಹೊರಡಿಸಿದ ‘ಕರಿಯರ ಶಾಸನ’ವನ್ನು 1723ರಲ್ಲಿ ಈ ದ್ವೀಪಗಳಿಗೂ ಹೊಂದಿಸಿ ಜಾರಿಗೆ ತಂದರು. ಅದರಲ್ಲಿ ಗುಲಾಮನನ್ನು ಚರಸ್ವತ್ತೆಂದು, ಎಂದರೆ ಕುರ್ಚಿ ಮಂಚಗಳ ಜೊತೆಗೆ ಲೆಕ್ಕಕ್ಕೆ ಬರುವ ವಸ್ತುವೆಂದು, ಎಣಿಸಿದ್ದಾರೆ. ಕನ್ನಡ ವ್ಯಾಕರಣವನ್ನು ಪಾಠ ಹೇಳಿದ ನಮಗೆ ಇದರ ಅರ್ಥವು ಬೇಗನೆ ಮನಸ್ಸಿಗೆ ನಾಟಿತು. ನಮ್ಮ ನುಡಿಯಲ್ಲಿ ಮನುಷ್ಯರಿಗೆ ‘ಅವನು’, ‘ಅವಳು’. ಕಲ್ಲುಮರಗಳಿಗೂ ಪಶುಗಳಿಗೂ ‘ಅದು’. ಬಹುವಚನದಲ್ಲಿ ಮನುಷ್ಯರು ‘ಅವರು’, ಉಳಿದುವು ‘ಅವು’. ಆ ಶಾಸನವು ಒಂದೇ ಏಟಿಗೆ ಸಾವಿರಾರು ಜನರನ್ನು ‘ಅವರು’ ಎಂಬ ಪಂಕ್ತಿಯಿಂದ ಎಬ್ಬಿಸಿ ‘ಅವು’ ಎಂಬ ಪಂಕ್ತಿಯಲ್ಲಿ ಕೂರಿಸಿತು. ಓಡಿಹೋದವರಿಗೆ ಇಟ್ಟ ‘ಮರೂನ್’ ಎಂಬ ಹೆಸರು ಕೂಡ ಅಂಥದ್ದೇ. ದೊಡ್ಡಿಯಿಂದ ತಪ್ಪಿಸಿಕೊಂಡು ಕಾಡುಬಿದ್ದ ದನಗಳಿಗೆ ಸ್ಪೇನಿನವರು ಹೇಳುತ್ತಿದ್ದ ಶಬ್ದದಿಂದ ಅದು ಬಂದಿದೆ.

ಇನ್ನು ಹೆಸರುಗಳ ವಿಷಯ. ನಮ್ಮಲ್ಲಿ ಮಗು ಹುಟ್ಟಿದರೆ ನಾಮಕರಣವೆಂಬ ಸಂಸ್ಕಾರವುಂಟು. ಅಜ್ಜನ ಹೆಸರನ್ನೋ ಕುಲದೇವತೆಯ ಹೆಸರನ್ನೋ ಇಟ್ಟು, ಕೂಸಿನ ಕಿವಿಯಲ್ಲಿ ಅದನ್ನು ಮೆಲ್ಲಗೆ ಹೇಳುತ್ತೇವೆ. ಅಲ್ಲಿ ಕೊಂಡವನು ತನಗೆ ತೋಚಿದ ಹೆಸರನ್ನಿಟ್ಟನು. ಗ್ರೀಕರ ಪುರಾಣದ ವೀರರ ಹೆಸರು, ತಿಂಗಳುಗಳ ಹೆಸರು, ಯಾವುದಾದರೂ ನಡೆಯುವುದು. ಕುಲನಾಮವಿಲ್ಲ, ತಂದೆಯ ಹೆಸರಿಲ್ಲ. ಗುಲಾಮನಿಗೆ ಸ್ವಂತ ಆಸ್ತಿಯಿಲ್ಲ. ಬೇರೆ ಬೇರೆ ಒಡೆಯರ ಆಳುಗಳು ಒಂದೆಡೆ ಗುಂಪುಗೂಡುವಂತಿಲ್ಲ. ಆದರೂ ಅದೇ ಶಾಸನವು ಅವನಿಗೆ ದೀಕ್ಷಾಸ್ನಾನ ಮಾಡಿಸಬೇಕೆಂದು ವಿಧಿಸಿತು. ಪರಲೋಕದಲ್ಲಿ ಅವನಿಗೆ ಆತ್ಮವುಂಟು, ಇಹಲೋಕದಲ್ಲಿ ಅವನು ಪದಾರ್ಥ! ಓಡಿಹೋಗಿ ಒಂದು ತಿಂಗಳಾದರೆ ಕಿವಿಗಳನ್ನು ಕೊಯ್ದು ಭುಜಕ್ಕೆ ಬರೆಹಾಕುವುದು. ಎರಡನೆಯ ಸಲವಾದರೆ ಮೊಣಕಾಲ ಹಿಂದಿನ ನರವನ್ನು ಕತ್ತರಿಸುವುದು. ಮೂರನೆಯ ಸಲ ಮರಣದಂಡನೆ. ಈ ವಿಧಿಗಳನ್ನು ಓದುವಾಗ ಒಂದು ಸಂಗತಿಯು ನಮಗೆ ಸ್ಪಷ್ಟವಾಯಿತು. ಕುರ್ಚಿ ಓಡಿಹೋಯಿತೆಂದು ಯಾರೂ ಅದಕ್ಕೆ ದಂಡನೆ ವಿಧಿಸುವುದಿಲ್ಲ. ಶಾಸನವನ್ನು ಬರೆದವರಿಗೆ ತಾವು ಆಳುತ್ತಿರುವುದು ಮನುಷ್ಯರನ್ನೇ ಎಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪು ಅದಲ್ಲ.

ಆ ಕಾಲದ ನಿತ್ಯಜೀವನವನ್ನು ಕಣ್ಣಾರೆ ಕಂಡು ಬರೆದವನೊಬ್ಬನಿದ್ದಾನೆ. ‘ಪಾಲ್ ಮತ್ತು ವರ್ಜಿನಿ’ ಎಂಬ ಪ್ರಸಿದ್ಧ ಕಥೆಯನ್ನು ಮುಂದೆ ಬರೆದ ಬರ್ನಾರ್ದಿನ್ ದ ಸೇಂ-ಪಿಯೆರ್ ಎಂಬ ಫ್ರೆಂಚ್ ಲೇಖಕನು 1768ರಿಂದ 1770ರವರೆಗೆ ಈ ದ್ವೀಪದಲ್ಲಿದ್ದು, 1773ರಲ್ಲಿ ತನ್ನ ಪ್ರವಾಸವೃತ್ತಾಂತವನ್ನು ಪ್ರಕಟಿಸಿದನು. ಬೆಳಗಿನಿಂದ ಬಿಸಿಲಿನಲ್ಲಿ ಬರಿಮೈಯಲ್ಲಿ ದುಡಿಮೆ, ಊಟಕ್ಕೆ ಬೇಯಿಸಿದ ಜೋಳದ ನುಚ್ಚು ಅಥವಾ ಮರಗೆಣಸಿನ ರೊಟ್ಟಿ, ಮೈಗೆ ತುಂಡುಬಟ್ಟೆ. ಸಣ್ಣ ತಪ್ಪಿಗೂ ಕೈಕಾಲುಗಳನ್ನು ಏಣಿಗೆ ಬಿಗಿದು ಚಾವಟಿಯಿಂದ ಹೊಡೆತ. ಓಡಿಹೋದವರನ್ನು ಹುಡುಕಲು ಸೈನಿಕರ ತಂಡಗಳು ಬೇಟೆಗೆ ಹೋದಂತೆ ಕಾಡಿಗೆ ಹೋಗುತ್ತಿದ್ದುದನ್ನೂ ಅವನು ಹೇಳಿದ್ದಾನೆ. ಯೂರೋಪಿನ ಮನೆಗಳಲ್ಲಿ ಕಾಫಿಗೂ ಸಕ್ಕರೆಗೂ ಬೇರೊಂದು ಭೂಖಂಡದವರು ಬೆಲೆ ತೆರುತ್ತಿದ್ದಾರೆಂಬ ಭಾವವು ಅವನ ಬರಹದಲ್ಲಿ ಎದ್ದುಕಾಣುತ್ತದೆ. ಬೆಳಗಾದರೆ ಲೋಟದ ತುಂಬ ಕಾಫಿ ಕುಡಿಯುವ ನಮ್ಮಂಥ ಗೃಹಸ್ಥರೂ ಇದನ್ನು ಒಮ್ಮೆ ಆಲೋಚಿಸುವುದು ಒಳ್ಳೆಯದು.

ಇದನ್ನು ಓದುವಾಗ, ಅದು ಬಿಳಿಯರ ಪಾಪ, ನಮಗೇನು ಸಂಬಂಧ, ಎಂದು ಯಾರಾದರೂ ಹೇಳಬಹುದು. ಸಂಸ್ಕೃತವನ್ನು ಓದಿದ ನಾವು ಹಾಗೆ ಹೇಳಲಾರೆವು. ಮನುಸ್ಮೃತಿಯು ಏಳು ಬಗೆಯ ದಾಸರನ್ನು ಎಣಿಸಿದೆ, ನಾರದಸ್ಮೃತಿಯು ಹದಿನೈದು ಬಗೆಯವರನ್ನು. ದಾಸನು ಗಳಿಸಿದ್ದು ಒಡೆಯನದೆಂಬ ಮಾತು ನಮ್ಮ ಗ್ರಂಥಗಳಲ್ಲಿಯೂ ಇದೆ. ಕೌಟಿಲ್ಯನು ದಾಸರ ಬಿಡುಗಡೆಗೆ ದಾರಿಗಳನ್ನು ಹೇಳಿ, ಅವರನ್ನು ಅವಮಾನಗೊಳಿಸುವ ಒಡೆಯರಿಗೆ ದಂಡವನ್ನು ವಿಧಿಸಿದ್ದುಂಟು. ಆದರೆ ಬಿಡುಗಡೆಯ ಮಾತು ಬಂದಿತೆಂದರೆ ಬಂಧನವಿತ್ತೆಂದೇ ಅರ್ಥ. 1801ರಲ್ಲಿ ದಕ್ಷಿಣ ಕನ್ನಡದಲ್ಲಿ ಸಂಚರಿಸಿದ ಬುಕಾನನನು ಅಲ್ಲಿ ಜಮೀನಿನ ಆಳುಗಳನ್ನು ಕೊಂಡು ಮಾರುತ್ತಿದ್ದ ಪದ್ಧತಿಯನ್ನು ಬರೆದಿಟ್ಟಿದ್ದಾನೆ. 1843ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯು ಗುಲಾಮಗಿರಿಗೆ ಮಾನ್ಯತೆಯನ್ನು ತೆಗೆದುಹಾಕಿತು. ಆದರೂ ಜೀತಪದ್ಧತಿಯನ್ನು ನಿಷೇಧಿಸಲು 1976ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು. ನಮ್ಮ ನಾಡಿನಲ್ಲಿ ‘ದಾಸ’ ಎಂಬ ಶಬ್ದವು ಪುರಂದರದಾಸರು, ಕನಕದಾಸರು ಮೊದಲಾದವರಿಂದ ಪೂಜ್ಯವಾಗಿದೆ ನಿಜ. ಆದರೆ ಅದು ತಾನಾಗಿ ದೇವರಿಗೆ ಒಪ್ಪಿಸಿಕೊಂಡ ದಾಸ್ಯ. ಇಷ್ಟಪಟ್ಟು ಬಾಗಿದ ತಲೆಗೂ ಹಿಡಿದು ಬಾಗಿಸಿದ ತಲೆಗೂ ಒಂದೇ ಶಬ್ದವನ್ನು ಹೇಳಿ ಸುಮ್ಮನಿರಲಾಗದು.

ಅಷ್ಟು ಕ್ರೂರವಾದ ಕಟ್ಟಳೆಗಳ ಕೆಳಗೆ ಆ ಜನರು ಮಾಡಿದ್ದೇನು? ಇದೇ ನಾವು ಹೆಚ್ಚಾಗಿ ತಿಳಿಯಬೇಕಾದ ವಿಷಯ. ಮೊದಲನೆಯದು ಪಲಾಯನ. ಒಂದು ರಾತ್ರಿಗಾಗಿ, ಒಂದು ವಾರಕ್ಕಾಗಿ, ಕೆಲವರು ಎಂದೆಂದಿಗೂ ಓಡಿಹೋದರು. ಮಾರಿಷಸ್ ಸಣ್ಣ ದ್ವೀಪ. ಅಡಗಲು ಕಾಡು ಕಡಮೆ. ಕಬ್ಬು ಹಬ್ಬಿದಂತೆಲ್ಲ ಇನ್ನೂ ಕಡಮೆಯಾಯಿತು. ಆದರೂ 1820ರ ಸುಮಾರಿಗೆ ವರ್ಷಕ್ಕೆ ಹತ್ತು ಜನ ಗುಲಾಮರಲ್ಲಿ ಒಬ್ಬರಷ್ಟು ಓಡಿಹೋಗುತ್ತಿದ್ದರೆಂದು ದಾಖಲೆಗಳಿಂದ ತಿಳಿದುಬರುವುದು. ಮೋರ್ನ್ ಬೆಟ್ಟದಂಥ ಕಡಿದಾದ ಸ್ಥಳಗಳು ಅವರಿಗೆ ಆಶ್ರಯವಾದುದು ಹೀಗೆ. ಮಡಗಾಸ್ಕರಿನವರು ಕೆಲವರು ಸಣ್ಣ ದೋಣಿಗಳನ್ನು ಕದ್ದು, ಹಾಯಿಯಿಲ್ಲದೆ, ದಿಕ್ಸೂಚಿಯಿಲ್ಲದೆ, ಸಾಕಷ್ಟು ಅನ್ನನೀರೂ ಇಲ್ಲದೆ ತಮ್ಮ ನಾಡಿನ ದಿಕ್ಕಿಗೆ ಹುಟ್ಟುಹಾಕಿದರು. ಬಹುಮಂದಿ ಸಮುದ್ರದ ಪಾಲಾದರು. ಆದರೆ ತಲಪಿದವರೂ ಇದ್ದರೆಂದು ಸೇಂ-ಪಿಯೆರ್ ಬರೆದಿದ್ದಾನೆ.

ಎರಡನೆಯದು ಕಣ್ಣಿಗೆ ಬೀಳದ ಪ್ರತಿಭಟನೆ. ಕೆಲಸವನ್ನು ನಿಧಾನಗೊಳಿಸುವುದು, ಕಾಯಿಲೆಯ ನೆವ ಹೇಳುವುದು, ಹತಾರು ಮುರಿಯುವುದು. ಒಡೆಯರು ಇದನ್ನು ಸೋಮಾರಿತನವೆಂದು ಕರೆದರು. ತನ್ನದಲ್ಲದ ಹೊಲದಲ್ಲಿ, ಕೂಲಿಯಿಲ್ಲದೆ, ಚಾವಟಿಯ ಕೆಳಗೆ ಚುರುಕಾಗಿ ದುಡಿಯುವವನನ್ನು ನಾವಂತೂ ಕಂಡಿಲ್ಲ. ಮೂರನೆಯದು ನ್ಯಾಯವನ್ನು ಕೇಳಿದ್ದು. 1810ರಲ್ಲಿ ದ್ವೀಪವು ಬ್ರಿಟಿಷರ ವಶವಾಯಿತು. 1829ರಲ್ಲಿ ಗುಲಾಮರ ರಕ್ಷಕನೆಂಬ ಅಧಿಕಾರಿಯನ್ನು ನೇಮಿಸಿದರು. ದೂರು ಸುಳ್ಳೆಂದು ತೀರ್ಮಾನವಾದರೆ ದೂರಿದವರಿಗೇ ಏಟು. ಹಾಗಿದ್ದರೂ ಗಂಡಸರೂ ಹೆಂಗಸರೂ ತೋಟಗಳಿಂದ ನಡೆದುಬಂದು ತಮ್ಮ ಅಹವಾಲುಗಳನ್ನು ಹೇಳಿಕೊಂಡರು. ಎಲ್ಲರಿಗೂ ನ್ಯಾಯ ದೊರೆಯಲಿಲ್ಲ. ಆದರೆ ಮಾತನಾಡಲಾರದ ಪದಾರ್ಥಗಳೆಂದು ಎಣಿಸಿದ್ದವರ ಮಾತು ಸರಕಾರದ ಪುಸ್ತಕಗಳಲ್ಲಿ ಶಾಯಿಯಿಂದ ಬರೆಯಲ್ಪಟ್ಟು ಉಳಿದಿದೆ.

ಬಹಿರಂಗವಾಗಿ ಎದ್ದವರೂ ಉಂಟು. ಮಡಗಾಸ್ಕರಿನ ರಾಜಮನೆತನದವನಾದ ರತ್ಸಿತತಾನಿನ ಎಂಬುವನು ಸೆರೆಯಾಳಾಗಿ ಇಲ್ಲಿಗೆ ಬಂದು, ತಪ್ಪಿಸಿಕೊಂಡು, ಪೋರ್ಟ್ ಲೂಯಿಯ ಮೇಲ್ಗಡೆಯ ಬೆಟ್ಟಕ್ಕೆ ಓಡಿದನು. ಗುಲಾಮರನ್ನು ದಂಗೆಯೆಬ್ಬಿಸಲು ಸಂಚು ಮಾಡಿದನೆಂಬ ಆರೋಪದ ಮೇಲೆ 1822ರಲ್ಲಿ ಅವನ ಶಿರಚ್ಛೇದವಾಯಿತು. ಒಡೆಯರೂ ಬಂಡಾಯ ಮಾಡಿದರೆಂಬುದನ್ನು ಇಲ್ಲಿ ಹೇಳತಕ್ಕದ್ದು. ಫ್ರಾನ್ಸಿನ ಕ್ರಾಂತಿ ಸರಕಾರವು 1794ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದಾಗ, ಆ ಆಜ್ಞೆಯನ್ನು ಜಾರಿಗೆ ತರಲು 1796ರಲ್ಲಿ ಬಂದ ಇಬ್ಬರು ಪ್ರತಿನಿಧಿಗಳನ್ನು ತೋಟದ ಒಡೆಯರು ಕೆಲವೇ ದಿನಗಳಲ್ಲಿ ಹಡಗು ಹತ್ತಿಸಿ ಕಳುಹಿಸಿಬಿಟ್ಟರು. 1802ರಲ್ಲಿ ನೆಪೋಲಿಯನನು ಗುಲಾಮಗಿರಿಗೆ ಮತ್ತೆ ಕಾನೂನಿನ ಮುದ್ರೆಯೊತ್ತಿದನು. ಹೀಗೆ ಸ್ವಾತಂತ್ರ್ಯವು ಹೊಸ್ತಿಲವರೆಗೆ ಬಂದು ಹಿಂದಿರುಗಿ, ಮತ್ತೆ ನಾಲ್ವತ್ತು ವರ್ಷಗಳ ಕಾಲ ಬರಲಿಲ್ಲ.

ಹಾಡು ಮತ್ತು ನುಡಿಗಳ ಸಂಗತಿಯನ್ನು ಹೇಳದೆ ಬಿಟ್ಟರೆ ಈ ವೃತ್ತಾಂತವು ಪೂರ್ಣವಾಗದು. ಹತ್ತಾರು ನಾಡುಗಳಿಂದ ಬಂದು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದ ಆ ಜನರು ಒಡೆಯರ ಫ್ರೆಂಚನ್ನು ಮುರಿದು ಕಟ್ಟಿ ಕ್ರಿಯೋಲ್ ಎಂಬ ಹೊಸ ಭಾಷೆಯನ್ನು ಮಾಡಿಕೊಂಡರು. ಇಂದು ಆ ದ್ವೀಪದಲ್ಲಿ ಎಲ್ಲ ಮತದವರೂ ಮನೆಬೀದಿಗಳಲ್ಲಿ ಆಡುವ ಭಾಷೆ ಅದೇ. ರಾತ್ರಿ ಬೆಂಕಿಯ ಸುತ್ತ ಕೂಡಿ ಅವರು ಹಾಡಿ ಕುಣಿಯುತ್ತಿದ್ದ ‘ಸೇಗಾ’ ಎಂಬ ನೃತ್ಯಗೀತವನ್ನು 2014ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಮುಖ್ಯವಾದ್ಯ ‘ರಾವಾನ್’. ದುಂಡನೆಯ ಮರದ ಚೌಕಟ್ಟಿಗೆ ಮೇಕೆಯ ಚರ್ಮವನ್ನು ಬಿಗಿದದ್ದು. ಬಾರಿಸುವ ಮುಂಚೆ ಅದನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ಕಂಡಾಗ ನಮಗೆ ನಮ್ಮೂರಿನ ತಮಟೆಯ ನೆನಪಾಯಿತು.

ನೆನಪು ಕೂಡ ಒಂದು ಪ್ರತಿಭಟನೆಯೇ. 1846ರಲ್ಲಿ ಫ್ರೋಬರ್‌ವಿಲ್ ಎಂಬ ವಿದ್ವಾಂಸನು ಮಾರಿಷಸಿನಲ್ಲಿದ್ದ ಪೂರ್ವ ಆಫ್ರಿಕದವರನ್ನು ಕಂಡು, ಅವರ ಹುಟ್ಟೂರು, ನುಡಿ, ಆಚಾರಗಳನ್ನು ವಿಚಾರಿಸಿ ಬರೆದುಕೊಂಡನು. ಕೆಲವರ ಮುಖಗಳನ್ನು ಗಾರೆಯಲ್ಲಿ ಅಚ್ಚು ತೆಗೆದನು. ಬಾಲ್ಯದಲ್ಲಿ ಸೆರೆಸಿಕ್ಕಿ ಹಡಗು ಹತ್ತಿದವರೂ ತಮ್ಮ ಊರಿನ ನದಿಯನ್ನು, ತಾಯ್ನುಡಿಯ ಶಬ್ದಗಳನ್ನು ಹೇಳಬಲ್ಲವರಾಗಿದ್ದರು. ಒಡೆಯನಿಟ್ಟ ಹೆಸರಿನ ಕೆಳಗೆ ಹಳೆಯ ಮನುಷ್ಯನು ಹಾಗೆಯೇ ಉಳಿದಿದ್ದನು.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿತು; ಮಾರಿಷಸಿನಲ್ಲಿ ಅದು ಜಾರಿಗೆ ಬಂದದ್ದು 1835ರ ಫೆಬ್ರವರಿ 1ರಂದು. ಆಗ ಅಲ್ಲಿ ಅರವತ್ತು ಸಾವಿರಕ್ಕೂ ಮೇಲ್ಪಟ್ಟು ಗುಲಾಮರಿದ್ದರು. ಪರಿಹಾರವಾಗಿ ಸುಮಾರು 21 ಲಕ್ಷ ಪೌಂಡುಗಳು ಮಂಜೂರಾದುವು. ಯಾರಿಗೆ? ಗುಲಾಮರಿಗಲ್ಲ, ಸ್ವತ್ತನ್ನು ಕಳೆದುಕೊಂಡರೆಂದು ಒಡೆಯರಿಗೆ! ಗುಲಾಮರಾದರೋ 1839ರ ಮಾರ್ಚಿಯವರೆಗೆ ‘ಶಿಷ್ಯವೃತ್ತಿ’ ಎಂಬ ಹೆಸರಿನಲ್ಲಿ ಅದೇ ಒಡೆಯರಿಗೆ ದುಡಿಯಬೇಕಾಯಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಿಷ್ಯರಿಗೆ ಪಾಠ ಹೇಳಿದ ನಮಗೆ ಆ ಪದವನ್ನು ಅಲ್ಲಿ ಕಂಡು ನಾಚಿಕೆಯಾಯಿತು.

ಮೋರ್ನ್ ಬೆಟ್ಟದ ಪ್ರಸಿದ್ಧವಾದ ಕಥೆಯು ಈ ಬಿಡುಗಡೆಯ ದಿನಕ್ಕೇ ಸೇರಿದ್ದು. ಬೆಟ್ಟದ ಮೇಲಿದ್ದವರಿಗೆ ಸುದ್ದಿಯನ್ನು ತಿಳಿಸಲು ಸಿಪಾಯಿಗಳು ಮೇಲಕ್ಕೆ ಹತ್ತಿದರಂತೆ. ಸಿಪಾಯಿಗಳನ್ನು ಕಂಡೊಡನೆ, ತಮ್ಮನ್ನು ಮತ್ತೆ ಹಿಡಿದೊಯ್ಯಲು ಬಂದರೆಂದು ತಿಳಿದು, ಅವರು ಒಬ್ಬರ ಹಿಂದೊಬ್ಬರು ಬಂಡೆಯ ಅಂಚಿನಿಂದ ಕೆಳಗೆ ಹಾರಿದರಂತೆ. ಇದಕ್ಕೆ ಲಿಖಿತ ಸಾಕ್ಷ್ಯವಿಲ್ಲ. ಬಾಯಿಂದ ಬಾಯಿಗೆ ಬಂದ ಮಾತು. ನಮ್ಮ ಕಾರಿನ ಚಾಲಕನು, ಇದನ್ನು ತನ್ನ ಅಜ್ಜಿ ಹೇಳುತ್ತಿದ್ದಳೆಂದು ಹೇಳಿ, ಬಂಡೆಯ ತುದಿಯ ಕಡೆಗೆ ಕೈತೋರಿಸಿ, ಬಹಳ ಹೊತ್ತು ಮಾತನಾಡಲಿಲ್ಲ. ಕಾಗದದಲ್ಲಿ ಇಲ್ಲದ ಮಾತ್ರಕ್ಕೆ ಇದನ್ನು ತಳ್ಳಿಬಿಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಕಾಗದವನ್ನು ಬರೆದವರು ಒಡೆಯರ ಕಡೆಯವರು. ಸಮವಸ್ತ್ರ ತೊಟ್ಟವರು ಒಳ್ಳೆಯ ಸುದ್ದಿಯನ್ನೂ ತರಬಹುದೆಂದು ನಂಬಲು ಆ ಜನರಿಗೆ ನೂರು ವರ್ಷಗಳಲ್ಲಿ ಯಾರೂ ಒಂದು ಕಾರಣವನ್ನು ಕೊಟ್ಟಿರಲಿಲ್ಲ. ಕಥೆಯು ಹೇಳುವ ಸತ್ಯವು ಅದೇ.

ಬಿಡುಗಡೆಯಾದವರು ಕಬ್ಬಿನ ಗದ್ದೆಗಳನ್ನು ಬಿಟ್ಟು ಕಡಲಂಚಿಗೂ ಬೆಟ್ಟದ ತಪ್ಪಲಿಗೂ ಹೋದರು. ಅವರ ಸ್ಥಾನಕ್ಕೆ ಬಂದವರು ನಮ್ಮವರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗಿನಿಂದ 36 ಜನ ಭಾರತೀಯ ಕೂಲಿಗಳು ಪೋರ್ಟ್ ಲೂಯಿಯಲ್ಲಿ ಇಳಿದರು. ಮುಂದೆ ಕಲ್ಕತ್ತ, ಮದರಾಸು, ಮುಂಬಯಿ ಬಂದರುಗಳಿಂದ ನಾಲ್ಕೂವರೆ ಲಕ್ಷದಷ್ಟು ಜನರು ಕರಾರಿನ ಮೇಲೆ ಬಂದರು. ಅವರು ಇಳಿದ ಸ್ಥಳಕ್ಕೆ ಈಗ ಆಪ್ರವಾಸಿ ಘಾಟ್ ಎಂದು ಹೆಸರು. ಮೊದಲು ಅದು ಕೂಲಿ ಘಾಟ್ ಆಗಿತ್ತು. ಅಲ್ಲಿ ಕಲ್ಲಿನ ಮೆಟ್ಟಲುಗಳಿವೆ. ನಮ್ಮ ಮನೆಯವರು ಮೊದಲನೆಯ ಮೆಟ್ಟಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕರಾರಿನ ಕೂಲಿಯೂ ಗುಲಾಮನೂ ಒಂದೇ ಅಲ್ಲ. ಕೂಲಿಗೆ ಅವಧಿಯಿತ್ತು, ಸಂಬಳವಿತ್ತು, ತನ್ನ ಹೆಸರೂ ದೇವರೂ ಉಳಿದುವು. ಆದರೆ ಅವನು ಮಲಗಿದ್ದು ಅನೇಕ ಕಡೆ ಗುಲಾಮನು ಬಿಟ್ಟುಹೋದ ಗುಡಿಸಲಿನಲ್ಲಿಯೇ.

ಆಪ್ರವಾಸಿ ಘಾಟ್ 2006ರಲ್ಲಿಯೂ ಮೋರ್ನ್ ಬೆಟ್ಟವು 2008ರಲ್ಲಿಯೂ ವಿಶ್ವಪರಂಪರೆಯ ಸ್ಥಳಗಳೆಂದು ಮಾನ್ಯತೆ ಪಡೆದುವು. ದ್ವೀಪದ ಸರಕಾರವು ಫೆಬ್ರವರಿ 1ನ್ನೂ ನವೆಂಬರ್ 2ನ್ನೂ ರಜಾದಿನಗಳನ್ನಾಗಿ ಆಚರಿಸುತ್ತದೆ. ಬೆಟ್ಟದ ಬುಡದಲ್ಲಿ 2009ರಲ್ಲಿ ಒಂದು ಸ್ಮಾರಕವನ್ನು ಮಾಡಿದ್ದಾರೆ; ಗುಲಾಮರು ಬಂದ ನಾಡುಗಳನ್ನು ನೆನಪಿಸುವ ಕಲ್ಲಿನ ಶಿಲ್ಪಗಳು ಬಯಲಿನಲ್ಲಿ ಬೆಟ್ಟವನ್ನು ನೋಡುತ್ತ ನಿಂತಿವೆ. ಪೋರ್ಟ್ ಲೂಯಿಯಲ್ಲಿ ಲಾ ಬೂರ್ದೊನೆಯ ಕಾಲದ ಹಳೆಯ ಸೈನಿಕ ಆಸ್ಪತ್ರೆಯ ಕಟ್ಟಡದಲ್ಲಿ 2023ರಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಆ ಕಟ್ಟಡದ ಕಲ್ಲುಗಳನ್ನು ಹೊತ್ತವರ ಮಕ್ಕಳ ಮಕ್ಕಳು ಇಂದು ಅದರೊಳಗೆ ತಲೆಯೆತ್ತಿ ನಡೆದು ತಮ್ಮ ಹಿರಿಯರ ವೃತ್ತಾಂತವನ್ನು ಓದುತ್ತಾರೆ.

ವಾಚಕರಲ್ಲಿ ಯಾರಿಗಾದರೂ ಆ ದ್ವೀಪಕ್ಕೆ ಹೋಗುವ ಯೋಗ ಬಂದರೆ, ಮರಳುದಂಡೆಯ ದಿನಗಳಲ್ಲಿ ಒಂದನ್ನು ಈ ಬೆಟ್ಟಕ್ಕೂ ಮೀಸಲಿಡಬೇಕೆಂದು ನಮ್ಮ ವಿಜ್ಞಾಪನೆ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಅವರು ಬೆಟ್ಟದ ಮೇಲಿದ್ದವರು ಯಾರೆಂದು ಕೇಳಿದರೆ ‘ಗುಲಾಮರು’ ಎಂದಷ್ಟೇ ಹೇಳಿ ನಿಲ್ಲಿಸಬೇಡಿರಿ. ಗುಲಾಮರೆಂಬುದು ಬೇರೆಯವರು ಅವರಿಗೆ ಮಾಡಿದ್ದು. ರೈತರು, ಬೆಸ್ತರು, ಕಮ್ಮಾರರು, ತಾಯಂದಿರು, ಹಾಡುಗಾರರು ಎಂದು ಹೇಳಿರಿ. ಅವರು ಹುಟ್ಟಿನಿಂದ ಇದ್ದುದು ಹಾಗೆಯೇ.